ಪಾಕೀಟಿನ ಹಿಂಬದಿ

ಬಾಗಲಕೋಟೆ ವಿದ್ಯಾಗಿರಿಯ ಸಂಗಯ್ಯನ ಕಿರಾಣಿ ಅಂಗಡಿಗೆ ಕುತ್ತು ಬಂದದ್ದು ಕಳ್ಳರಿಂದಲ್ಲ, ಇಲಿಗಳಿಂದಲ್ಲ. ಒಂದು ಉಪ್ಪಿನ ಪಾಕೀಟಿನ ಹಿಂಬದಿಯಿಂದ.

ಹನ್ನೊಂದು ವರ್ಷ ಆ ಅಂಗಡಿಯಲ್ಲಿ ಪಾಕೀಟಿಗೆ ಒಂದೇ ಬದಿ ಇತ್ತು. ಗಿರಾಕಿಗಳು ಮುಂಬದಿ ನೋಡುತ್ತಿದ್ದರು. ಅಲ್ಲಿ ನಗುವ ಕೂಸು, ಹಸಿರು ಹೊಲ, ಸೆರಗು ಹೊದ್ದ ಹೆಣ್ಣುಮಗಳು, ಏನೋ ಒಂದು ಇರುತ್ತಿತ್ತು. ಚೀಲಕ್ಕೆ ಹಾಕಿಕೊಂಡು ಹೋಗುತ್ತಿದ್ದರು. ಹಿಂದೆ ಏನು ಬರೆದಿದೆ ಎಂದು ಯಾರೂ ಕೇಳಿರಲಿಲ್ಲ. ಕೇಳಿದ್ದರೂ ಸಂಗಯ್ಯನಿಗೆ ಗೊತ್ತಿರಲಿಲ್ಲ.

ಆದರೆ ಭಾನುವಾರ ಸಂಜೆ ಬಡಾವಣೆಯ ಉದ್ಯಾನದಲ್ಲಿ ಆಹಾರತಜ್ಞೆಯೊಬ್ಬರು ಒಂದು ತಾಸು ಭಾಷಣ ಮಾಡಿದರು. ಪಾಕೀಟಿನ ಮುಂದಿನದನ್ನು ನಂಬಬೇಡಿ, ಹಿಂದಿನದನ್ನು ಓದಿ ಎಂದು ಮೂರು ಸಲ ಹೇಳಿದರು. ಕೊನೆಗೆ ಎಲ್ಲರಿಗೂ ಒಂದೊಂದು ಬಾಳೆಹಣ್ಣು ಹಂಚಿದರು. ಬಾಳೆಹಣ್ಣಿನ ಹಿಂದೆ ಏನೂ ಬರೆದಿರಲಿಲ್ಲವಾದ್ದರಿಂದ ಜನ ನಿಶ್ಚಿಂತೆಯಿಂದ ತಿಂದು ಮನೆಗೆ ಹೋದರು.

ಸೋಮವಾರ ಬೆಳಿಗ್ಗೆ ಎಂಟಕ್ಕೆ ಬಂದ ಮೊದಲ ಗಿರಾಕಿ ಹಿಂದಿನ ಓಣಿಯ ಹಜರತಬಿ. ಉಪ್ಪು ಕೇಳಿದರು. ಸಂಗಯ್ಯ ಕೊಟ್ಟ. ಅವರು ಅದನ್ನು ತಿರುಗಿಸಿ ಬಹಳ ಹೊತ್ತು ಓದಿ, ಮೆಲ್ಲಗೆ ಕಟ್ಟೆಯ ಮೇಲೆ ಇಟ್ಟರು.

"ಅಯ್ಯಾರ, ಇದರಾಗ ಸೋಡಿಯಮ್ ಮೂವತ್ತೆಂಟು ಸಾವಿರ ಐತಿ."

"ಎದರಾಗ್ರಿ?"

"ಉಪ್ಪಿನಾಗ. ನಮ್ಮ ಮನಿಯವರಿಗೆ ಬಿ.ಪಿ. ಐತಿ. ಕಮ್ಮಿ ಇದ್ದದ್ದು ಕೊಡ್ರಿ."

ಸಂಗಯ್ಯ ಇನ್ನೆರಡು ಕಂಪನಿಯ ಉಪ್ಪು ಇಳಿಸಿದ. ಹಜರತಬಿ ಎರಡನ್ನೂ ಓದಿದರು. ಎಲ್ಲದರಲ್ಲೂ ಅಷ್ಟೇ ಇತ್ತು.

"ಅದು ಉಪ್ಪ ಐತಲ್ರಿ," ಎಂದ ಸಂಗಯ್ಯ. "ಅದರಾಗ ಇರೂದ ಅದು."

"ಉಪ್ಪಂತ ಹಿಂಗ ಕೈ ಬಿಟ್ಟ ಹಾಕೂದೇನ್ರಿ?" ಎಂದು ಹಜರತಬಿ ನೊಂದುಕೊಂಡರು. ಆಮೇಲೆ ಎಣ್ಣೆಯ ಪಾಕೀಟು ತಿರುಗಿಸಿದರು. ಅವರ ಮುಖ ಅರಳಿತು. "ಇದನ್ನ ನೋಡ್ರಿ. ಸೋಡಿಯಮ್ ಸೊನ್ನಿ, ಸಕ್ಕರಿ ಸೊನ್ನಿ. ಎಷ್ಟ ಸ್ವಚ್ಛ ಮಾಡ್ಯಾರ." ಉಪ್ಪು ಬಿಟ್ಟು ಎರಡು ಪಾಕೀಟು ಎಣ್ಣೆ ಒಯ್ದರು.

ಒಂಬತ್ತರೊಳಗೆ ಇಂಥವರು ಆರು ಜನ ಬಂದುಹೋದರು. ಒಬ್ಬರು ಸಕ್ಕರೆಯಲ್ಲಿ ಸಕ್ಕರೆ ಜಾಸ್ತಿ ಇದೆ ಎಂದು ಬಿಟ್ಟುಹೋದರು. ಇನ್ನೊಬ್ಬರು ಬಿಡಿ ಅವಲಕ್ಕಿ ಕಟ್ಟಿಸಿಕೊಂಡು, ಕಾಗದದ ಪೊಟ್ಟಣವನ್ನು ಎಲ್ಲ ಕಡೆಯಿಂದ ತಿರುಗಿಸಿ ನೋಡಿ, ಅದರ ಮೇಲಿದ್ದ ಹಳೆಯ ಪತ್ರಿಕೆಯ ನಿಧನ ವಾರ್ತೆ ಓದಿದರು. ಪೊಟ್ಟಣ ವಾಪಸು ಕೊಟ್ಟು ರಸ್ತೆ ದಾಟಿ ಮಾರ್ಟಿಗೆ ಹೋದರು.

ಮಾರ್ಟ್ ಎದುರಿಗೇ ಇತ್ತು. ಎರಡು ತಿಂಗಳ ಹಿಂದೆ ಶುರುವಾಗಿದ್ದು. ಅಲ್ಲಿ ಗಾಜಿನ ಬಾಗಿಲು, ತಂಪು ಗಾಳಿ, ತಳ್ಳುವ ಗಾಡಿ ಇದ್ದವು. ಕೊತ್ತಂಬರಿ ಸೊಪ್ಪಿಗೂ ಒಂದು ಚೀಟಿ ಅಂಟಿಸಿರುತ್ತಿದ್ದರು. ಅದು ಬಂದಮೇಲೆ ಸಂಗಯ್ಯನ ಅಂಗಡಿಯಲ್ಲಿ ಮಧ್ಯಾಹ್ನ ನೊಣ ಬಿಟ್ಟರೆ ಯಾರೂ ಇರುತ್ತಿರಲಿಲ್ಲ. ಬಾದಾಮಿಯಲ್ಲಿ ಲಾಡ್ಜು ನಡೆಸುವ ಅವನ ಭಾಮೈದ ವಾರಕ್ಕೊಮ್ಮೆ ಫೋನು ಮಾಡಿ, "ಮಾಮಾ, ಅಂಗಡಿ ಮುಚ್ಚಿ ಬಂದ ಬಿಡ್ರಿ. ಕೌಂಟರಿನಾಗ ಕುಂತ ರೂಮಿನ ಕೀಲಿ ಕೊಡೂದಷ್ಟ ಕೆಲಸ," ಎನ್ನುತ್ತಿದ್ದ. ಭಾಮೈದನ ಕೈಕೆಳಗೆ ಕೀಲಿ ಎಣಿಸುವುದನ್ನು ನೆನೆದರೆ ಸಂಗಯ್ಯನಿಗೆ ಅನ್ನ ಗಂಟಲಲ್ಲಿ ಇಳಿಯುತ್ತಿರಲಿಲ್ಲ.

ಅಂಗಡಿ ಇನ್ನೂ ತೆರೆದಿದ್ದುದಕ್ಕೆ ಕಾರಣ ಒಂದೇ. ಅದು ಶೇಂಗಾ ಚಟ್ನಿ. ಆ ಚಟ್ನಿಗಾಗಿ ನವನಗರದಿಂದ ಜನ ಬರುತ್ತಿದ್ದರು. ಚಟ್ನಿಗೆ ಬಂದವರು ಬೇಳೆ, ಬೆಲ್ಲವನ್ನೂ ಒಯ್ಯುತ್ತಿದ್ದರು. "ಯಾರ ಮಾಡ್ತಾರ್ರಿ ಇದನ್ನ?" ಎಂದು ಕೇಳಿದರೆ ಸಂಗಯ್ಯ ಒಳಮನೆಯ ಕಡೆ ಗದ್ದ ಎತ್ತಿ, "ನಮ್ಮ ಮನ್ಯಾಗ," ಎನ್ನುತ್ತಿದ್ದ. ಹೆಂಡತಿ ಬಸವೇಶ್ವರಿ ಹನ್ನೊಂದು ವರ್ಷದಿಂದ ಆ ಹೊಗಳಿಕೆಯನ್ನು ತಲೆ ಬಗ್ಗಿಸಿ ಸ್ವೀಕರಿಸುತ್ತ ಬಂದಿದ್ದಳು. ಮಾಡುವ ಬಗೆ ಹೇಳಿ ಎಂದು ಯಾರಾದರೂ ಕಾಡಿದರೆ, "ಉಪ್ಪು ಹದಾ ನೋಡಿ ಹಾಕಬೇಕ್ರಿ," ಎಂದಷ್ಟೇ ಹೇಳುತ್ತಿದ್ದಳು.

ಚಟ್ನಿ ಮಾಡುತ್ತಿದ್ದವಳು ಕಮತಗಿಯ ರಂಗವ್ವ. ಪ್ರತಿ ಸೋಮವಾರ ಬಸ್ಸಿನಲ್ಲಿ ಎರಡು ಚೀಲ ಹೊತ್ತು ಬಂದು, ಹಿತ್ತಲ ಬಾಗಿಲಿನಿಂದ ಇಳಿಸಿ, ಚಹ ಕುಡಿದು ಹೋಗುತ್ತಿದ್ದಳು. ಈ ಸಂಗತಿ ಮನೆಯ ಹೊರಗೆ ಯಾರಿಗೂ ಗೊತ್ತಿರಲಿಲ್ಲ.

ಒಂಬತ್ತೂವರೆಗೆ ಫೋನು ಬಂತು. ಹೆಣ್ಣುಮಕ್ಕಳ ಹಾಸ್ಟೆಲಿನ ವಾರ್ಡನ್ ಸವಿತಾ ಮೇಡಮ್. ನೂರಾ ಇಪ್ಪತ್ತು ಹುಡುಗಿಯರ ಊಟದ ಜವಾಬ್ದಾರಿ ಅವರದು. ಹಾಸ್ಟೆಲಿಗೆ ವಾರವಾರ ಚಟ್ನಿ, ರೊಟ್ಟಿ ಕೊಡುವ ಮಾತು ಹದಿನೈದು ದಿನದಿಂದ ನಡೆದಿತ್ತು. ಅದೊಂದು ಕೂಡಿಬಂದರೆ ಮಾರ್ಟ್ ಇದ್ದರೂ ಒಂದೇ, ಬಿದ್ದರೂ ಒಂದೇ ಎಂದು ಸಂಗಯ್ಯ ಲೆಕ್ಕ ಹಾಕಿಟ್ಟಿದ್ದ.

"ಸಂಗಯ್ಯನವರ, ನಿನ್ನಿ ನಮ್ಮ ಹುಡುಗ್ಯಾರೂ ಭಾಷಣಕ್ಕ ಹೋಗಿದ್ದರು," ಎಂದರು ಸವಿತಾ. "ಇನ್ನ ಮ್ಯಾಲೆ ಚೀಟಿ ಇಲ್ಲದ್ದನ್ನ ತಿನ್ನೂದಿಲ್ಲ ಅಂತ ಕುಂತಾರ. ಮಾರ್ಟಿನವರು ಚೀಟಿ ಇದ್ದ ಚಟ್ನಿ ತೋರಿಸ್ಯಾರ. ನನಗ ನಿಮ್ಮದ ರುಚಿ ಅನಸ್ತೈತಿ. ಸಂಜಿ ಐದಕ್ಕ ಬರತೇನಿ. ನಿಮ್ಮ ಪಾಕೀಟಿಗೂ ಹಿಂದ ಬರದಿರಬೇಕು ನೋಡ್ರಿ. ಇಲ್ಲಂದ್ರ ಅವರಿಗೆ ಹೂಂ ಅಂತೇನಿ."

ಸಂಗಯ್ಯ ಫೋನಿಟ್ಟು ಗಡಿಯಾರ ನೋಡಿದ. ಐದು ಗಂಟೆಯೊಳಗೆ ಚಟ್ನಿಗೆ ಒಂದು ಹಿಂಬದಿ ಮಾಡಿಸಬೇಕಿತ್ತು.

ಅದೇ ಹೊತ್ತಿಗೆ ಪಕ್ಕದ ಮನೆಯ ಪ್ರಭುಲಿಂಗ ಮೊಸರಿಗೆ ಬಂದ. ಕಾಲೇಜಿನಲ್ಲಿ ಫಿಜಿಕ್ಸ್ ಕಲಿಸುವವನು. ಮೂರು ತಿಂಗಳಿಂದ ಜಿಮ್ಮಿಗೆ ಹೋಗುತ್ತಿದ್ದ, ಅಂದಿನಿಂದ ತೂಗದೆ ಏನನ್ನೂ ತಿನ್ನುತ್ತಿರಲಿಲ್ಲ. ಅವನ ಮೊಬೈಲಿನಲ್ಲಿ ಒಂದು ಆ್ಯಪ್ ಇತ್ತು. ಯಾವ ಪದಾರ್ಥ, ಎಷ್ಟು ಗ್ರಾಂ ಎಂದು ಹೇಳಿದರೆ ಕೊಬ್ಬು, ಪ್ರೋಟೀನು, ಸಕ್ಕರೆ ಎಲ್ಲವನ್ನೂ ಅದು ಹೇಳುತ್ತಿತ್ತು. ಸಂಗಯ್ಯನ ಕತೆ ಕೇಳಿ ಅವನಿಗೆ ಬಹಳ ಹುರುಪು ಬಂತು.

"ಇದೇನ ದೊಡ್ಡ ಕೆಲಸ ಅಲ್ರಿ. ಎಲ್ಲಿ, ಅಕ್ಕಾರನ್ನ ಕರೀರಿ. ಎಷ್ಟೆಷ್ಟ ಹಾಕ್ತಾರ ಕೇಳೂಣು."

ಬಸವೇಶ್ವರಿ ಬಾಗಿಲಿಗೆ ಬಂದು ನಿಂತಳು. ಗಂಡನ ಮುಖ ನೋಡಿದಳು. "ಉಪ್ಪು ಹದಾ ನೋಡಿ ಹಾಕತೇನ್ರಿ," ಎಂದಳು.

"ಶೇಂಗಾ ಎಷ್ಟ ಗ್ರಾಂ?"

ಬಸವೇಶ್ವರಿ ಒಳಗೆ ಹಾಲು ಉಕ್ಕುತ್ತದೆ ಎಂದು ಹೋಗಿಬಿಟ್ಟಳು. ಒಲೆಯ ಮೇಲೆ ಹಾಲು ಇರಲಿಲ್ಲ. ಅಷ್ಟರಲ್ಲಿ ಹಿತ್ತಲಿನಿಂದ, "ಅಯ್ಯಾರ, ಚೀಲಾ ಇಲ್ಲೆ ಇಳಿಸೇನ್ರಿ," ಎಂದು ರಂಗವ್ವನ ದನಿ ಬಂತು. ಪ್ರಭುಲಿಂಗ ಅತ್ತ ಕತ್ತು ಚಾಚಿದ. ಚಟ್ನಿಯ ಘಾಟು ಅವನ ಮೂಗಿಗೆ ಬಂದಾಗಿತ್ತು.

"ಅಂದ್ರ ಇದು ಅಕ್ಕಾರು ಮಾಡೂದಲ್ಲ?"

"ಕುಟ್ಟೂದು ಈಕಿ," ಎಂದ ಸಂಗಯ್ಯ. "ಉಸ್ತುವಾರಿ ಅವರದು. ಸರ್, ಇದು ನಿಮ್ಮ ಹೊಟ್ಟ್ಯಾಗ ಇರ್ಲಿ."

ಪ್ರಭುಲಿಂಗ ಗುಟ್ಟಿಗೆ ಒಪ್ಪಿದ. ಅವನಿಗೆ ಬೇಕಾಗಿದ್ದುದು ಗ್ರಾಂ ಮಾತ್ರ. ರಂಗವ್ವನನ್ನು ಒಳಗೆ ಕರೆದು ಸಕ್ಕರೆ ಮೂಟೆಯ ಪಕ್ಕದ ಸ್ಟೂಲಿನ ಮೇಲೆ ಕೂರಿಸಿದ. ಪೆನ್ನು ಹಿಡಿದ.

"ಯವ್ವ, ಒಂದ ಸಲಕ್ಕ ಶೇಂಗಾ ಎಷ್ಟ ಹಾಕ್ತಿ?"

"ಹಿಡಿ ಹಿಡಿ ಹಾಕ್ತೇನಿ. ಒರಳ ತುಂಬತನಕ."

"ಉಪ್ಪು?"

"ಬಾಯಿಗೆ ಹತ್ತೂವಷ್ಟು."

"ಅಂದ್ರ ಎಷ್ಟು?"

"ಜಾಸ್ತಿ ಆದ್ರ ಗೊತ್ತಾಕೈತಿ."

"ಆದ್ರ ಏನ ಮಾಡ್ತಿ?"

"ಶೇಂಗಾ ಹಾಕ್ತೇನಿ."

"ಶೇಂಗಾ ಜಾಸ್ತಿ ಆದ್ರ?"

"ಉಪ್ಪು ಹಾಕ್ತೇನಿ."

ಪ್ರಭುಲಿಂಗ ಪೆನ್ನು ಕೆಳಗಿಟ್ಟ. ಆಮೇಲೆ ಅವನಿಗೆ ಉಪಾಯ ಹೊಳೆಯಿತು. ರಂಗವ್ವನ ಹಿಡಿಯನ್ನೇ ತೂಗುವುದು. ಸಂಗಯ್ಯ ತಕ್ಕಡಿ ಒರೆಸಿ ತಂದ. ರಂಗವ್ವ ಶೇಂಗಾ ಚೀಲಕ್ಕೆ ಕೈ ಹಾಕಿ ಒಂದು ಹಿಡಿ ತೆಗೆದು ತಕ್ಕಡಿಯ ಮೇಲೆ ಹಾಕಿದಳು. ಅರವತ್ನಾಲ್ಕು ಗ್ರಾಂ. ಇನ್ನೊಮ್ಮೆ ಹಾಕಿಸಿದ. ಎಪ್ಪತ್ತೊಂದು. ಮೂರನೆಯ ಸಲ ಇಬ್ಬರು ಗಂಡಸರೂ ಬಗ್ಗಿ ಅವಳ ಕೈಯನ್ನೇ ನೋಡುತ್ತಿದ್ದುದರಿಂದ ರಂಗವ್ವನಿಗೆ ನಾಚಿಕೆಯಾಗಿ ಹಿಡಿ ಸಣ್ಣದಾಯಿತು. ನಲವತ್ತೆಂಟು ಬಂತು.

"ನೀವ ಹಿಂಗ ಕಣ್ಣ ಹಾಕಿ ನೋಡಿದ್ರ ಹಿಡಿ ಎಲ್ಲಿ ಬರಬೇಕ್ರಿ?" ಎಂದಳು. "ನಾ ಮಾಡುವಾಗ ಯಾರೂ ನೋಡೂದಿಲ್ಲ. ನಾನೂ ನೋಡೂದಿಲ್ಲ."

ಮೂರನ್ನೂ ಕೂಡಿಸಿ ಮೂರರಿಂದ ಭಾಗಿಸಿ, ರಂಗವ್ವನ ಹಿಡಿ ಅಂದರೆ ಅರವತ್ತೊಂದು ಗ್ರಾಂ ಎಂದು ಪ್ರಭುಲಿಂಗ ಬರೆದುಕೊಂಡ. ಹೀಗೆಯೇ ಖಾರದಪುಡಿ, ಬೆಳ್ಳುಳ್ಳಿ, ಜೀರಿಗೆ, ಉಪ್ಪು ಎಲ್ಲದರ ತೂಕವಾಯಿತು. ಮಧ್ಯೆ ಗಿರಾಕಿಗಳು ಬಂದರೆ ತಕ್ಕಡಿ ಖಾಲಿ ಇಲ್ಲ ಎಂದು ಕಳಿಸಲಾಯಿತು. ಹನ್ನೆರಡೂವರೆಗೆ ಆ್ಯಪ್ ತನ್ನ ತೀರ್ಪು ಕೊಟ್ಟಿತು.

"ನೂರು ಗ್ರಾಮಿಗೆ ಪ್ರೋಟೀನ್ ಇಪ್ಪತ್ತೊಂದು. ಭಾಳ ಛಲೋ," ಎಂದು ಪ್ರಭುಲಿಂಗ ಓದಿದ. "ಕೊಬ್ಬು ನಲವತ್ತು."

ಸಂಗಯ್ಯ ಸಕ್ಕರೆ ಮೂಟೆಯ ಮೇಲೆ ಕೂತುಬಿಟ್ಟ. "ನಲವತ್ತೇನ್ರಿ? ಆಕಿ ಒಂದ ಹನಿ ಎಣ್ಣಿ ಹಾಕೂದಿಲ್ಲ."

"ಶೇಂಗಾದಾಗ ಇರತೈತ್ರಿ ಅದು."

"ಅಷ್ಟನ್ನ ಹೊರಗ ತಗ್ಯಾಕ ಬರೂದಿಲ್ಲೇನು?"

"ಬರತೈತಿ. ತಗದಿಂದ ಅದಕ್ಕ ಹಿಂಡಿ ಅಂತಾರ. ಎಮ್ಮಿಗೆ ಹಾಕ್ತಾರ."

ಅಲ್ಲಿಯವರೆಗೆ ಚಹ ಕುಡಿಯುತ್ತ ಕೂತಿದ್ದ ರಂಗವ್ವ ಬಟ್ಟಲು ಕೆಳಗಿಟ್ಟಳು. ಅವಳ ಮುಖ ಕೆಂಪಾಗಿತ್ತು. "ನನ್ನ ಚಟ್ನ್ಯಾಗ ಕೊಬ್ಬು ಎಲ್ಲಿಂದ ಬಂತ್ರಿ? ನಾವು ಕುರಿ ಕಾಯೂ ಮಂದಿ. ಕೊಬ್ಬು ಅಂದ್ರ ಏನಂತ ನನಗ ಕಲಸಬ್ಯಾಡ್ರಿ. ಬೀರಪ್ಪನ ಆಣಿ, ಅಯ್ಯಾರ ಮನಿಗೆ ಕೊಡೂದಂತ ಬ್ಯಾರೆ ಒರಳು ಇಟ್ಟೇನಿ."

ಅವಳನ್ನು ಸಮಾಧಾನ ಮಾಡಲು ಅರ್ಧ ತಾಸು ಹಿಡಿಯಿತು. ಕುರಿಯ ಕೊಬ್ಬು ಬೇರೆ, ಶೇಂಗಾದ ಕೊಬ್ಬು ಬೇರೆ ಎಂದು ಪ್ರಭುಲಿಂಗ ಅಣು, ಪರಮಾಣುಗಳಿಂದ ಶುರುಮಾಡಿ ವಿವರಿಸಿದ. ಕಾಲೇಜಿನಲ್ಲಿ ಹುಡುಗರು ಕೇಳುವಂತೆ ರಂಗವ್ವನೂ ಕೇಳಿದಳು, ಅಂದರೆ ನಡುವೆ ಕಣ್ಣು ಮುಚ್ಚಿದಳು.

"ಸರ್," ಎಂದು ಸಂಗಯ್ಯ ದನಿ ತಗ್ಗಿಸಿದ. "ನಲವತ್ತನ್ನ ನಾಕು ಅಂತ ಬರದ್ರ?"

"ಛೇ, ಛೇ. ನಾ ಸೈನ್ಸ್ ಕಲಸಾವ. ತಪ್ಪ ಬರಿಯೂದಾದ್ರ ನಾ ಇಲ್ಲಿಂದ ಏಳತೇನಿ." ಪ್ರಭುಲಿಂಗ ನಿಜಕ್ಕೂ ಎದ್ದು ನಿಂತ. "ಮತ್ತ ಇನ್ನೊಂದು. ಮಾಡಿದವರ ಹೆಸರು, ಊರು, ಫೋನ್ ನಂಬರ, ಸರಕಾರದ ನೋಂದಣಿ ನಂಬರ, ಇವೂ ಚೀಟ್ಯಾಗ ಇರಬೇಕು. ಇಲ್ಲಂದ್ರ ಆ ಮೇಡಮ್ಮು ಒಪ್ಪೂದಿಲ್ಲ."

"ನನ್ನ ಹೆಸರ ಹಾಕ್ರಿ."

"ನಿಮಗ ನಂಬರ ಎಲ್ಲಿ ಐತಿ? ನೀವು ಮಾರೂ ಮಂದಿ."

ನಂಬರು ರಂಗವ್ವನ ಹತ್ತಿರ ಇತ್ತು. ಹೋದ ವರ್ಷ ಊರಿನ ಮಹಿಳಾ ಸಂಘದವರೆಲ್ಲ ಕೂಡಿ ಮಾಡಿಸಿದ್ದರಂತೆ. ಕಾಗದವನ್ನು ಪ್ಲಾಸ್ಟಿಕ್ಕಿನಲ್ಲಿ ಸುತ್ತಿ ಸೊಂಟದ ಚೀಲದಲ್ಲಿ ಇಟ್ಟುಕೊಂಡೇ ತಿರುಗುತ್ತಿದ್ದಳು. ಆ ಹೆಸರು ಚೀಟಿಗೆ ಹೋದರೆ ಗುಟ್ಟೂ ಹೋಗುತ್ತದೆ ಎಂದು ಸಂಗಯ್ಯನಿಗೆ ಒಮ್ಮೆ ಅನಿಸಿತು. ಆದರೆ ಗಂಟೆ ಎರಡಾಗಿತ್ತು, ಕೊಬ್ಬಿನ ಚಿಂತೆಯ ಮುಂದೆ ಉಳಿದದ್ದೆಲ್ಲ ಸಣ್ಣದಾಗಿ ಕಂಡಿತು. ರಂಗವ್ವ ಮೂರರ ಬಸ್ಸಿಗೆ ಹೋದಳು. ಹೋಗುವಾಗ, "ಕೊಬ್ಬು ಅಂತ ಬರಸಬ್ಯಾಡ್ರಿ ಯಪ್ಪಾ, ನಾಕ ಮಂದಿ ಓದ್ತಾರ," ಎಂದು ಇನ್ನೊಮ್ಮೆ ಹೇಳಿದಳು.

ನವೀದನ ಅಂಗಡಿ ನಾಲ್ಕು ಬಾಗಿಲು ಆಚೆ. ಝೆರಾಕ್ಸ್, ಪಾಸ್‌ಪೋರ್ಟ್ ಫೋಟೋ, ಜಾತಿ ಪ್ರಮಾಣಪತ್ರದ ಅರ್ಜಿ, ಲಗ್ನಪತ್ರಿಕೆ, ಎಲ್ಲ ಅಲ್ಲೇ. ಅಂಟಿಸುವ ಚೀಟಿಯನ್ನೂ ಹೊಡೆದುಕೊಡುತ್ತಿದ್ದ. ತನ್ನ ಕೆಲಸದ ಬಗ್ಗೆ ಅವನಿಗೆ ಅಭಿಮಾನವಿತ್ತು. ಪ್ರಭುಲಿಂಗ ಬರೆದುಕೊಟ್ಟ ಹಾಳೆ ನೋಡಿ ನಿಮಿಷದಲ್ಲಿ ಅಚ್ಚುಕಟ್ಟಾಗಿ ಹೊಂದಿಸಿದ. ಪರದೆಯ ಮೇಲೆ 'ಕೊಬ್ಬು 40' ಎಂದು ಎದ್ದು ಕಾಣುತ್ತಿತ್ತು.

"ಕೊಬ್ಬನ್ನ ಸಣ್ಣ ಮಾಡು," ಎಂದ ಸಂಗಯ್ಯ.

ನವೀದ ಸಣ್ಣ ಮಾಡಿದ.

"ಇನ್ನೂ ಸಣ್ಣ."

ಮಾಡಿದ.

"ಇನ್ನೂ."

"ಇನ್ನ ಸಣ್ಣ ಮಾಡಿದ್ರ ಮಿಷನ್ನಿಗೂ ಕಾಣೂದಿಲ್ರಿ ಅಯ್ಯಾರ."

ಆದರೆ ಅದೊಂದೇ ಸಣ್ಣದಾದದ್ದರಿಂದ ಬಾಯಿಯಲ್ಲಿ ಒಂದು ಹಲ್ಲು ಬಿದ್ದ ಹಾಗೆ ಕಂಡು, ನೋಡುವವರ ಕಣ್ಣು ಮೊದಲು ಅಲ್ಲಿಗೇ ಹೋಗುತ್ತಿತ್ತು. ಅದಕ್ಕೆ ಪ್ರೋಟೀನನ್ನೂ ಸಣ್ಣ ಮಾಡಿಸಿದ. ಸಕ್ಕರೆ, ಸೋಡಿಯಮ್ಮುಗಳನ್ನೂ ಮಾಡಿಸಿದ. ಕೊನೆಗೆ ಇಡೀ ಪಟ್ಟಿ ಚೀಟಿಯ ಮೇಲಿನ ಮೂಲೆಯಲ್ಲಿ ಇರುವೆ ಸಾಲು ಹೋದಂತೆ ಆಯಿತು. ಸಂಗಯ್ಯನಿಗೆ ಸಮಾಧಾನವಾಯಿತು. ಅದರಲ್ಲಿ ಸುಳ್ಳು ಒಂದಕ್ಷರ ಇರಲಿಲ್ಲ, ಓದಲು ಬರುವುದೂ ಒಂದಕ್ಷರ ಇರಲಿಲ್ಲ.

"ಹೆಸರು, ವಿಳಾಸ ಎಲ್ಲಾ ಕೆಳಗ ಹಾಕಿಬಿಡು. ಮಾರಾಟ ಸಂಗಯ್ಯ ಕಿರಾಣಿ ಅಂತನೂ ಹಾಕು," ಎನ್ನುವಷ್ಟರಲ್ಲಿ ಅಂಗಡಿಯಲ್ಲಿ ಬೇಳೆಗೆ ಗಿರಾಕಿ ನಿಂತಿದ್ದಾರೆ ಎಂದು ಬಸವೇಶ್ವರಿಯ ಫೋನು ಬಂತು. ಸಂಗಯ್ಯ ಓಡಿದ.

ನವೀದ ಪರದೆಯನ್ನು ನೋಡುತ್ತ ಕೂತ. ಮುಕ್ಕಾಲು ಚೀಟಿ ಬೋಳಾಗಿತ್ತು. ಇದು ನವೀದನ ಕೆಲಸವೇ ಎಂದು ಯಾರಾದರೂ ಕೇಳಿದರೆ ಏನು ಹೇಳುವುದು. ಉಳಿದ ಜಾಗವನ್ನು ಅವನು ತನಗೆ ತಿಳಿದ ಹಾಗೆ ತುಂಬಿದ.

ಚೀಟಿ ಕೈಗೆ ಬಂದಾಗ ನಾಲ್ಕೂ ಮುಕ್ಕಾಲು. ಸಂಗಯ್ಯ ಕಣ್ಣು ಕಿರಿದು ಮಾಡಿ ಮೇಲಿನ ಮೂಲೆಯನ್ನು ಮಾತ್ರ ನೋಡಿದ. ಕೊಬ್ಬು ಕಾಣಲಿಲ್ಲ. ರಸ್ತೆಯ ಕಡೆ ಒಂದು ಕಣ್ಣಿಟ್ಟು ಗಡಿಬಿಡಿಯಿಂದ ನಲವತ್ತು ಪಾಕೀಟಿಗೂ ಅಂಟಿಸಿ, ಮುಂಬದಿ ಮುಂದೆ ಮಾಡಿ ಹಲಗೆಯ ಮೇಲೆ ಜೋಡಿಸಿದ.

ಸವಿತಾ ಮೇಡಮ್ ಐದಕ್ಕೆ ಸರಿಯಾಗಿ ಸ್ಕೂಟಿಯಿಂದ ಇಳಿದರು. ಪ್ರಭುಲಿಂಗ ಜಿಮ್ಮಿನ ಬೂಟು ಹಾಕಿಕೊಂಡು ಮೊದಲೇ ಬಂದು ನಿಂತಿದ್ದ. ತಾನು ತೆಗೆದ ಅಂಕಿಗಳನ್ನು ಯಾರಾದರೂ ಓದುವುದನ್ನು ಅವನು ನೋಡಬೇಕಿತ್ತು.

"ತೋರಸ್ರಿ ನೋಡೂಣು," ಎಂದು ಸವಿತಾ ಪಾಕೀಟು ತೆಗೆದುಕೊಂಡು ತಿರುಗಿಸಿದರು. ಪರ್ಸಿನಲ್ಲಿ ಕೈಯಾಡಿಸಿದರು. "ಅಯ್ಯ, ನನ್ನ ಓದೂ ಚಾಳೀಸು. ಮುಂಜಾನೆ ಕಾಲಾಗ ಬಿದ್ದ ಒಡದೈತಿ. ರಿಪೇರಿಗೆ ಕೊಟ್ಟೇನಿ."

ಸಂಗಯ್ಯನಿಗೆ ಕುಣಿಯಬೇಕೆನಿಸಿತು. ಆ ಚಾಳೀಸು ಒಡೆದ ಕಾಲು ಯಾರದೋ, ಅದನ್ನು ಮುಟ್ಟಿ ನಮಸ್ಕರಿಸಬೇಕೆನಿಸಿತು.

"ನಾ ಓದತೇನಿ ಕೊಡ್ರಿ ಮೇಡಮ್," ಎಂದು ಪ್ರಭುಲಿಂಗ ಮುಂದೆ ಬಂದ. "ನೂರು ಗ್ರಾಮಿಗೆ ಪ್ರೋಟೀನ್ ಇಪ್ಪತ್ತೊಂದು, ಕೊ..."

"ಸರ್, ನಿಮ್ಮ ಜಿಮ್ಮಿಗೆ ಹೊತ್ತಾತು," ಎಂದ ಸಂಗಯ್ಯ.

"ಇನ್ನೂ ಐತ್ರಿ."

"ಇಲ್ರಿ, ಹೊತ್ತಾತು," ಎಂದು ಸಂಗಯ್ಯ ಅವನ ಭುಜ ಹಿಡಿದು ರಸ್ತೆಯವರೆಗೂ ಬಿಟ್ಟುಬಂದ.

ಬಂದು ನೋಡಿದರೆ ಸವಿತಾ ಪಾಕೀಟನ್ನು ತೋಳಿನಷ್ಟು ದೂರ ಹಿಡಿದು, ತುಟಿ ಅಲುಗಿಸುತ್ತ ಏನೋ ಓದುತ್ತಿದ್ದರು. ಕೊಬ್ಬು ಕಂಡೇಬಿಟ್ಟಿತು ಎಂದುಕೊಂಡ ಸಂಗಯ್ಯ. ಆದರೆ ಅವರ ಮುಖದಲ್ಲಿ ಸಿಟ್ಟಿರಲಿಲ್ಲ, ಸಂತೋಷವಿತ್ತು.

"ಸಂಗಯ್ಯನವರ, ಇದು ನಿಮ್ಮ ಮನ್ಯಾಗ ಮಾಡಿದ್ದೇನ್ರಿ?"

"ಹೌದ್ರಿ. ಹನ್ನೊಂದ ವರ್ಷಾತು. ನಮ್ಮ ಮನಿಯವರ ಕೈ."

"ಹೌದ್ರಿ?" ಸವಿತಾ ಪಾಕೀಟನ್ನು ಇನ್ನೊಮ್ಮೆ ನೋಡಿದರು. ಅವನನ್ನೂ ಒಮ್ಮೆ ನೋಡಿದರು. ಸಣ್ಣಗೆ ನಕ್ಕು ಮೊಬೈಲು ತೆಗೆದರು. "ಚೀಟಿ ಭಾಳ ಛಲೋ ಮಾಡಿಸೀರಿ. ನನಗ ಬೇಕಾದದ್ದೆಲ್ಲಾ ಇದರಾಗ ಐತಿ. ಒಂದ ಫೋಟೋ ಹೊಡಕೋತೇನಿ."

"ಹೊಡಕೋರಿ, ಹೊಡಕೋರಿ. ಹಂಗಾರ ಪಕ್ಕಾ ಏನ್ರಿ?"

"ಪಕ್ಕಾ. ಮಾರ್ಟಿನವರಿಗೆ ಬ್ಯಾಡಂತ ಈಗ ಹೇಳತೇನಿ. ನಮ್ಮ ಹುಡುಗ್ಯಾರಿಗೆ ವಾರಾ ಇದ ಚಟ್ನಿ."

ಒಂದು ಪಾಕೀಟು ಕೊಂಡು ಅವರು ಹೋದರು. ಸಂಗಯ್ಯ ಪುಕ್ಕಟೆ ಕೊಡುತ್ತೇನೆಂದರೂ ಕೇಳಲಿಲ್ಲ.

ಆ ಎರಡು ತಾಸು ಸಂಗಯ್ಯನ ಜೀವನದಲ್ಲಿ ಬಹಳ ಒಳ್ಳೆಯ ಎರಡು ತಾಸು. ಹೆಂಡತಿಗೆ, "ನಿನ್ನ ಕೈಗುಣ ನೋಡು," ಎಂದ. ಬಸವೇಶ್ವರಿ ಅಭ್ಯಾಸಬಲದಿಂದ ತಲೆ ಬಗ್ಗಿಸಿದಳು. ಭಾಮೈದನಿಗೆ ತಾನೇ ಫೋನು ಮಾಡಿ, ಕೀಲಿ ಕೊಡಲು ಬೇರೆ ಯಾರನ್ನಾದರೂ ನೋಡಿಕೋ ಎಂದು ಹೇಳಿದ. ಜಿಮ್ಮಿನಿಂದ ಬಂದ ಪ್ರಭುಲಿಂಗನಿಗೆ ಚಹ ಕುಡಿಸಿದ. ಎದುರಿನ ಮಾರ್ಟಿನ ಗಾಜಿನ ಬಾಗಿಲು ನೋಡಿ ಅವನಿಗೆ ಮೊದಲ ಸಲ ಕನಿಕರ ಬಂತು.

ಏಳೂ ಕಾಲಿಗೆ ಕಮತಗಿಯಿಂದ ಫೋನು ಬಂತು.

"ಅಯ್ಯಾರ, ಚಹಾ ಆತ್ರಿ? ನಾ ರಂಗವ್ವ. ಯಾರೋ ಹಾಸ್ಟೆಲಿನ ಅಕ್ಕಾರು ಫೋನ್ ಮಾಡಿದ್ದರ್ರಿ. ನಿಮ್ಮ ಚೀಟ್ಯಾಗ ನನ್ನ ನಂಬರ ಸಿಕ್ಕಿತಂತ."

ಸಂಗಯ್ಯ ಫೋನನ್ನು ಇನ್ನೊಂದು ಕಿವಿಗೆ ಹಚ್ಚಿದ.

"ಅವರ ಮನಿ ಇಳಕಲ್ಲಂತ. ಶನಿವಾರ ಶನಿವಾರ ಕಾರ ತಗೊಂಡ ಊರಿಗೆ ಹೊಕ್ಕಾರಂತ. ನಮ್ಮ ಊರು ದಾರ್ಯಾಗ ಐತಲ್ರಿ. ಹೊಳ್ಳಿ ಬರುವಾಗ ಮನಿ ಮುಂದ ನಿಲ್ಲಿಸಿ ತಾವ ಒಯ್ತಾರಂತ. ಚಟ್ನಿ, ರೊಟ್ಟಿ, ಗುರೆಳ್ಳಪುಡಿ, ಎಲ್ಲಾ ಬೇಕಂತ. ಮಾಡಿದವರ ಕೈಯಿಂದ ತಗೊಂಡ್ರ ನಂಬಿಗಿ ಅಂದ್ರು."

"ರಂಗವ್ವ," ಎಂದ ಸಂಗಯ್ಯ. "ಮತ್ತ ನಮ್ಮ ಅಂಗಡಿಗೆ?"

"ನಿಮಗ ಎಲ್ಲಿ ಉಳೀತೈತ್ರಿ ಯಪ್ಪಾ? ನೂರಾ ಇಪ್ಪತ್ತ ಹುಡುಗ್ಯಾರಂತ. ನನಗ ಇರೂವು ಎರಡ ಕೈ." ಅವಳ ದನಿಯಲ್ಲಿ ಕಪಟವಿರಲಿಲ್ಲ. ಮುಂದುವರಿಸಿದಳು: "ಅಯ್ಯಾರ, ಒಂದ ಮಾತು. ನಾ ಹುಟ್ಟಿ ಅರವತ್ತ ವರ್ಷಾತು. ರೇಷನ್ ಕಾರ್ಡಿನಾಗ ಬಿಟ್ರ ನನ್ನ ಹೆಸರ ಯಾರೂ ಎಲ್ಲೂ ಬರದಿಲ್ಲ. ನೀವು ಬರಸಿದ್ರಿ. ಅದೂ ಭಾಳ ದೊಡ್ಡ ಅಕ್ಷರದಾಗ ಐತಂತಲ್ರಿ. ಚಾಳೀಸು ಇಲ್ಲದನ ಓದಿದೆ ಅಂದ್ರು ಅಕ್ಕಾರು."

ಸಂಗಯ್ಯ ಹಲಗೆಯಿಂದ ಒಂದು ಪಾಕೀಟು ಇಳಿಸಿ ತಿರುಗಿಸಿದ. ಮುಕ್ಕಾಲು ಚೀಟಿಯ ತುಂಬ, ಹೆಬ್ಬೆರಳಿನಷ್ಟು ದಪ್ಪ ಅಕ್ಷರಗಳಲ್ಲಿ, ಸುತ್ತ ಬಳ್ಳಿಯ ಅಂಚು ಬಿಡಿಸಿ, ತಯಾರಿಸಿದವರು ರಂಗವ್ವ ಎಂದೂ, ಕಮತಗಿಯ ಅವಳ ಓಣಿಯ ಹೆಸರೂ, ಫೋನ್ ನಂಬರೂ ಇದ್ದವು. ಅದರ ಕೆಳಗೆ ಒಂದು ಸಾಲು ಅವನ ಅಂಗಡಿಯದು. ನವೀದನನ್ನು ಹೋಗಿ ಬಯ್ಯಬೇಕೆನಿಸಿತು. ಬಯ್ಯಲು ಅವನು ಮಾಡಿದ ತಪ್ಪಾದರೂ ಏನು ಎಂದು ಹುಡುಕಿದ, ಸಿಗಲಿಲ್ಲ. ಆ ಹೆಂಗಸಿಗೆ ಏನಾದರೂ ಅನ್ನೋಣವೆಂದರೆ ಹನ್ನೊಂದು ವರ್ಷದ ಹಿತ್ತಲ ಬಾಗಿಲು ನೆನಪಾಗಿ ನಾಚಿಕೆಯಾಯಿತು.

"ಕೇಳಾಕ ಹತ್ತೀರೇನ್ರಿ? ಒಂದ ಕೆಲಸ ಆಗಬೇಕಿತ್ತು," ಎಂದಳು ರಂಗವ್ವ. "ಅಂಥಾ ಚೀಟಿ ಇನ್ನೂ ಇನ್ನೂರ ಬೇಕು. ನಾಳೆ ನೀವು ಕಮತಗಿ ಸಂತಿಗೆ ಬೆಲ್ಲಕ್ಕ ಬರತೀರಲ್ಲ, ತಂದ ಕೊಡ್ರಿ. ಮತ್ತ ಅದರಾಗ ಒಂದ ಸಾಲ ತಗೀಬೇಕಂತ. ಮಾರಾಟ ಅಂತೇನೋ ಐತಂತಲ್ಲ, ಅದು. ನನಗ ಓದಾಕ ಬರೂದಿಲ್ಲ. ನಿಮಗ ಗೊತ್ತಾಕೈತಿ."

"ಗೊತ್ತಾತು," ಎಂದ ಸಂಗಯ್ಯ.

ನವೀದ ಅಂಗಡಿ ಕಸ ಗುಡಿಸುತ್ತಿದ್ದ. ಸಂಗಯ್ಯನನ್ನು ನೋಡಿ, "ಚೀಟಿ ಹೆಂಗ ಬಂದಾವ್ರಿ?" ಎಂದು ಖುಷಿಯಿಂದ ಕೇಳಿದ.

"ಭಾಳ ಛಲೋ ಬಂದಾವು. ಇನ್ನೂರ ಹೊಡಿ. ಕೆಳಗಿನ ಒಂದ ಸಾಲ ತಗಿ."

ನವೀದ ಕಂಪ್ಯೂಟರ್ ಹಚ್ಚಿ ಸಾಲು ಹುಡುಕಿದ. "ಇದರಾಗ ನಿಮ್ಮ ಹೆಸರ ಐತಲ್ರಿ ಅಯ್ಯಾರ. ಇದನ್ನ ತಗೀಲೇನು?"

"ಅದನ್ನ ತಗಿ."

"ಪೂರಾ?"

"ಪೂರಾ."

ನವೀದ ಒಂದು ಗುಂಡಿ ಒತ್ತಿದ. ಸಂಗಯ್ಯ ಕಿರಾಣಿ ಪರದೆಯಿಂದ ಹೋಯಿತು. ಯಂತ್ರ ಗುರುಗುಟ್ಟುತ್ತ ಚೀಟಿ ಹಾಕತೊಡಗಿತು.

"ನಮ್ಮ ಮನ್ಯಾಗ ಆ ಚಟ್ನಿ ಮುಗದೈತ್ರಿ," ಎಂದ ನವೀದ. "ನಿಮ್ಮ ಕಡೆ ಬರೂಣು ಅಂತ ಇದ್ದೆ. ಇರ್ಲಿ ಬಿಡ್ರಿ, ನಂಬರ ಇಲ್ಲೆ ಐತಲ್ಲ." ಪರದೆ ನೋಡಿ ಫೋನು ಹಚ್ಚಿದ. "ಯವ್ವ, ನಾ ವಿದ್ಯಾಗಿರಿಯಿಂದ ನವೀದ. ಎರಡ ಪಾಕೀಟ ಬೇಕಾಗಿತ್ತು. ಹೂಂ. ಹೂಂ, ಇಲ್ಲೆ ಅದಾರ. ಆತು, ಹೇಳತೇನಿ." ಫೋನಿಟ್ಟು ಸಂಗಯ್ಯನ ಕಡೆ ತಿರುಗಿದ. "ನಾಳೆ ಹೆಂಗೂ ನೀವು ಕಮತಗಿಗೆ ಹೊಕ್ಕೀರಂತಲ್ಲ. ನಿಮ್ಮ ಕೈಲೆ ಕೊಟ್ಟ ಕಳಸ್ತಾಳಂತ. ನೆನಪಲೆ ತರ್ರಿ."

ಸಂಗಯ್ಯ ಬಿಸಿ ಚೀಟಿಗಳನ್ನು ಜೋಡಿಸಿ ಕೈಚೀಲಕ್ಕೆ ಹಾಕಿಕೊಂಡ. ಬಾಗಿಲ ತನಕ ಹೋದವನು ತಿರುಗಿ ನಿಂತ.

"ಖಾರ ಜಾಸ್ತಿದ್ದು ತರಲೋ, ಕಮ್ಮಿದ್ದು ತರಲೋ?" ಎಂದು ಕೇಳಿದ.